ಮುಳುಗಡೆಗೆ ಮುಂಚಿನ ಶರಾವತಿ ಕಣಿವೆ: ಎರಡು ಉಚಿತ ನಕ್ಷೆಗಳನ್ನು ಬಳಸಿ ನೋಡಿದ್ದು

ನಮ್ಮದು ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ತೋಟ, ಗದ್ದೆ ಎಲ್ಲ ನೀರಿನಡಿ ಹೋಯಿತು. ನಾನು ಹುಟ್ಟಿದ್ದು ಶಿವಮೊಗ್ಗದ ಹತ್ತಿರ, ಬದಲಿ ಜಮೀನು ಸಿಕ್ಕ ಊರಲ್ಲಿ. ಮನೆಯಲ್ಲಿ ದಿನಾ 'ಹಳೇ ಊರು' ಅನ್ನುವ ಮಾತು ಬರುತ್ತಿತ್ತು. ಅದು ಎಲ್ಲಿತ್ತು ಅಂತ ಬೆರಳಿಟ್ಟು ತೋರಿಸಿದವರು ಮಾತ್ರ ಯಾರೂ ಇಲ್ಲ. ಫೋನಿನಲ್ಲಿ ಮ್ಯಾಪ್ ತೆಗೆದರೆ ಬರೀ ನೀಲಿ. ಅದಕ್ಕೇ ಟೋಪೋಶೀಟ್, ಅಂದರೆ ಗುಡ್ಡ, ಹೊಳೆ, ದಾರಿ, ಊರು ಎಲ್ಲ ತೋರಿಸುವ ನಕ್ಷೆಯ ಹಾಳೆ, ಹುಡುಕಲು ಶುರು ಮಾಡಿದೆ. ಎರಡು ಕಡೆಯಿಂದ ನಕ್ಷೆ ಇಳಿಸಿಕೊಂಡು ಮೂರು ತಿಂಗಳಿಂದ ಬಳಸುತ್ತಿದ್ದೇನೆ.

ಮೊದಲನೆಯದು ಕೇಂದ್ರ ಸರ್ಕಾರದ ನಕ್ಷೆ ಸಂಸ್ಥೆಯಾದ ಸರ್ವೆ ಆಫ್ ಇಂಡಿಯಾದ ವೆಬ್‌ಸೈಟ್. 1:50,000 ಅಳತೆಯ ಹಾಳೆಗಳನ್ನು 2017ರಿಂದ ಉಚಿತವಾಗಿ ಕೊಡುತ್ತಿದ್ದಾರೆ. ಹೆಸರು ನೋಂದಾಯಿಸಿಕೊಂಡರೆ ಪಿಡಿಎಫ್ ಸಿಗುತ್ತದೆ. ಆದರೆ ಹಾಳೆಯ ನಂಬರು ಗೊತ್ತಿರಬೇಕು. ಹಳಬರು ಲಿಂಗನಮಕ್ಕಿ ಹಾಳೆಯನ್ನು 48ಜೆ/16 ಅನ್ನುತ್ತಾರೆ. ಹೊಸ ಲೆಕ್ಕದಲ್ಲಿ ಅದೇ ಹಾಳೆ ಡಿ43ಐ16. ಇನ್ನೊಂದು ವಿಷಯ. ನಮ್ಮ ಕಣಿವೆ ಒಂದೇ ಹಾಳೆಯಲ್ಲಿ ಮುಗಿಯುವುದಿಲ್ಲ. 14 ಡಿಗ್ರಿ ಅಕ್ಷಾಂಶ, 75 ಡಿಗ್ರಿ ರೇಖಾಂಶ ಕೂಡುವ ಜಾಗ ಈ ಹಿನ್ನೀರಿನ ಸೀಮೆಯಲ್ಲೇ ಬರುತ್ತದೆ, ನಾಲ್ಕು ಹಾಳೆಗಳ ಮೂಲೆ ಸೇರುವುದೂ ಅಲ್ಲೇ. ಹಾಗಾಗಿ 48ಜೆ/16, 48ಎನ್/4, 48ಕೆ/13, 48ಒ/1 ನಾಲ್ಕೂ ಬೇಕು. ನಾಲ್ಕನ್ನೂ ಅಂಟಿಸಿದ ಮೇಲೆಯೇ ಜಲಾಶಯದ ಪೂರ್ತಿ ಆಕಾರ ಕಾಣುವುದು.

ಪ್ರಿಂಟ್ ಹಾಕಿಸುವಾಗ ಎಚ್ಚರ. ಒಂದು ಅಂಗಡಿಯಲ್ಲಿ ನನ್ನ ಹಾಳೆಯನ್ನು ಎ3 ಕಾಗದಕ್ಕೆ ಹೊಂದಿಸಿ ಕುಗ್ಗಿಸಿಬಿಟ್ಟರು. ಮನೆಗೆ ಬಂದು ಸ್ಕೇಲ್ ಇಟ್ಟು ನೋಡಿದಾಗ ಗೊತ್ತಾಯಿತು, ದೂರದ ಲೆಕ್ಕ ಎಲ್ಲ ತಪ್ಪು. ನಮ್ಮ ಕಡೆಯ ಒಂದು ಹಾಳೆ ಸುಮಾರು 54 ಸೆಂಟಿಮೀಟರ್ ಅಗಲ ಬರಬೇಕು. ಎ1 ಕಾಗದ ಕೇಳಿ, ನೂರು ಪರ್ಸೆಂಟ್ ಅಳತೆಯಲ್ಲೇ ಹಾಕಿ ಅಂತ ಹೇಳಿ. ಆಗ ಒಂದು ಸೆಂಟಿಮೀಟರ್ ಅಂದರೆ ಸರಿಯಾಗಿ ಅರ್ಧ ಕಿಲೋಮೀಟರ್.

ಈ ಹಾಳೆಗಳ ಗುಣಮಟ್ಟ ಚೆನ್ನಾಗಿದೆ. ಗುಡಿ, ಬಾವಿ, ಕಾಲುದಾರಿ, ಗುಡ್ಡದ ಎತ್ತರ ಎಲ್ಲ ಇದೆ. ಆದರೆ ಇದು ಇವತ್ತಿನ ನಕ್ಷೆ. ನೀರಿನ ಅಂಚಿಗೆ ಬಂದ ಕೂಡಲೇ ಕಾಂಟೂರ್ ಗೆರೆಗಳು (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು) ನಿಂತುಬಿಡುತ್ತವೆ. ನಮ್ಮ ಮನೆಯ ಕತೆ ಶುರುವಾಗುವುದೇ ಆ ಅಂಚಿನ ಆಚೆ.

ಎರಡನೆಯದು ನಿಜಕ್ಕೂ ನಿಧಿ. ಅಮೆರಿಕದ ಸೈನ್ಯದ ನಕ್ಷೆ ವಿಭಾಗ 1950ರ ದಶಕದಲ್ಲಿ ಭಾರತದ ನಕ್ಷೆಗಳನ್ನು ತಯಾರಿಸಿತ್ತು. ಸರಣಿಯ ಹೆಸರು ಯು502, ಅಳತೆ 1:2,50,000. ಟೆಕ್ಸಸ್ ವಿಶ್ವವಿದ್ಯಾಲಯದ ಪೆರಿ-ಕಾಸ್ತನ್ಯೇಡ ಲೈಬ್ರರಿ ಅವುಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದೆ. ನೋಂದಣಿ ಬೇಡ, ದುಡ್ಡು ಬೇಡ. ನಕ್ಷೆ ಮಾಡಲು ಸೈನ್ಯದವರು ಬಳಸಿಕೊಂಡಿದ್ದು ಇನ್ನೂ ಹಳೆಯ ಸರ್ವೆಗಳನ್ನು. ಹಾಗಾಗಿ ಹಾಳೆಯ ಅಂಚಿನ ಬರಹವನ್ನು ಮೊದಲು ಓದಿ. ನಕ್ಷೆ ಅಚ್ಚಾದ ವರ್ಷ ಬೇರೆ, ನೆಲ ಅಳೆದ ವರ್ಷ ಬೇರೆ.

ಇದರಲ್ಲಿ ಲಿಂಗನಮಕ್ಕಿ ಇಲ್ಲ. ಹೊಳೆ ಹೊಳೆಯಾಗಿಯೇ ಇದೆ. ಅಂಬಾರಗೋಡ್ಲು–ಕಳಸವಳ್ಳಿ ಮಧ್ಯೆ 2025ರ ಜುಲೈನಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಶುರುವಾಯಿತಲ್ಲ, ಆ ಸುತ್ತಿನಲ್ಲಿ ಇಲ್ಲಿ ತೆಳುವಾಗಿ ಒಂದು ನೀಲಿ ಗೆರೆ ಹೋಗುತ್ತದೆ, ಅಷ್ಟೆ. ನೋಡಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಮಿತಿಗಳೂ ಇವೆ. ಇಲ್ಲಿ ಒಂದು ಮಿಲಿಮೀಟರ್ ಅಂದರೆ 250 ಮೀಟರ್. ಮನೆ, ಗದ್ದೆ ಹುಡುಕಲು ಹೋಗಬೇಡಿ. ಎತ್ತರ ಅಡಿಗಳಲ್ಲಿದೆ, ಆದರೆ ಗೆರೆಗಳು ದೂರ ದೂರ. ಜಲಾಶಯ ತುಂಬಿದಾಗಿನ 1819 ಅಡಿಯ ಗೆರೆಯನ್ನು ಇದರ ಮೇಲೆ ಎಳೆಯಲು ಆಗುವುದಿಲ್ಲ. ಅದಕ್ಕೆ ಹೊಸ ಹಾಳೆಯ ನೀರಿನ ಅಂಚನ್ನೇ ನೋಡಬೇಕು. ನಾನು ಎರಡನ್ನೂ ಕ್ಯೂಜಿಐಎಸ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಕೂರಿಸಿದೆ. ರಸ್ತೆ ನಂಬಿ ಕೂರಿಸಬೇಡಿ, ರಸ್ತೆಗಳು ಜಾಗ ಬದಲಿಸಿವೆ. ಗುಡ್ಡದ ತುದಿ ಹಿಡಿಯಿರಿ. ನನಗೆ 1,343 ಮೀಟರ್ ಎತ್ತರದ ಕೊಡಚಾದ್ರಿ ಸಹಾಯಕ್ಕೆ ಬಂತು.

ಊರಿನ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ನುಲಿದುಕೊಂಡಿವೆ. ಕೊಪ್ಪ, ಮಕ್ಕಿ, ಗದ್ದೆ ಯಾವುದೂ ಸರಿಯಾಗಿ ಓದಲು ಬರುವುದಿಲ್ಲ. ಹಾಗಾಗಿ ಹಾಳೆಯನ್ನು ದೊಡ್ಡಮ್ಮನ ಮುಂದೆ ಹಾಸಿದೆ. ಅವರಿಗೆ ಈಗ 80 ವರ್ಷ. ಮದುವೆಯಾಗಿ ಬಂದಿದ್ದು ಹೊಳೆಯ ಈಚೆ ದಡಕ್ಕೆ, ತವರು ಆಚೆ ದಡದಲ್ಲಿತ್ತು. ನಾನು ಭೂತಗನ್ನಡಿ ಹಿಡಿದು ಒಂದೊಂದೇ ಹೆಸರು ಓದಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಅದು ಹಂಗಲ್ಲ ಮಾರಾಯ, ಇನ್ನೊಂದ್ಸಲ ಹೇಳು" ಅನ್ನುತ್ತಾ ತಿದ್ದುತ್ತಿದ್ದರು. ಸ್ವಲ್ಪ ಹೊತ್ತಿಗೆ ನಾನು ಓದುವ ಮೊದಲೇ ಅವರೇ ಮುಂದಿನ ಊರು ಹೇಳತೊಡಗಿದರು. ನಡೆದುಕೊಂಡು ಹೋಗುವಾಗ ಸಿಗುತ್ತಿದ್ದ ಕ್ರಮದಲ್ಲೇ.

"ತವರು ಎಷ್ಟು ದೂರ ಇತ್ತು ದೊಡ್ಡಮ್ಮ?" ಅಂದೆ. "ಎರಡೂವರೆ ಹರದಾರಿ" ಅಂದರು. ನಕ್ಷೆಯಲ್ಲಿ ತುಂಡು ತುಂಡು ಗೆರೆಯ ಕಾಲುದಾರಿ ಹೊಳೆಯ ತನಕ ಬಂದು, ಆಚೆ ದಡದಲ್ಲಿ ಮತ್ತೆ ಮುಂದುವರಿಯುತ್ತದೆ. ಹೂ ಕಟ್ಟುವ ದಾರವನ್ನು ಆ ಗೆರೆಯ ಮೇಲೆ ಬಳುಕಿಸಿ ಇಟ್ಟು, ಎಳೆದು ಅಳೆದೆ. ಐದು ಸೆಂಟಿಮೀಟರಿಗೆ ಚೂರು ಕಮ್ಮಿ. ಅಂದರೆ 12 ಕಿಲೋಮೀಟರ್. ಹರದಾರಿಗೆ ಮೂರು ಮೈಲಿ ಅಂತ ಲೆಕ್ಕ ಹಾಕಿದರೆ ಎರಡೂವರೆ ಹರದಾರಿಯೇ! ಅರವತ್ತು ವರ್ಷದ ಹಿಂದೆ ಕಾಲಲ್ಲಿ ಅಳೆದಿದ್ದು, ಅಷ್ಟು ಸರಿಯಾಗಿ ನೆನಪಿದೆ.

ನಿಮ್ಮ ಕುಟುಂಬವೂ ಮುಳುಗಡೆಯದ್ದಾದರೆ ಎರಡೂ ನಕ್ಷೆ ಇಳಿಸಿಕೊಳ್ಳಿ. ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಇಳಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ತೋರಿಸಬೇಡಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹಾಸಿ. ಪೆನ್ಸಿಲ್ ಕೈಯಲ್ಲಿರಲಿ.

ನಮ್ಮ ಹಾಳೆಯ ಮೇಲೆ ಈಗ 31 ಹೆಸರುಗಳು ಕನ್ನಡದಲ್ಲಿವೆ. ದೊಡ್ಡಮ್ಮ ಇನ್ನೊಂದು ಪ್ರಿಂಟ್ ಕೇಳಿದ್ದಾರೆ, ಅವರ ತಮ್ಮನಿಗೆ ಕೊಡಲು. ದೋಣಿಯವನ ಮನೆ ಯಾವ ದಿಬ್ಬದ ಮೇಲಿತ್ತು ಅಂತ ಆ ತಮ್ಮನಿಗೆ ಗೊತ್ತಂತೆ.