ಓಎಸ್‌ಎಸ್‌ಸಿ: ಎರಡೂವರೆ ವರ್ಷದ ಬಳಕೆ ಮತ್ತು ಒಂದು ಜಲಪಾತ

1994ರಲ್ಲಿ ದುಬೈಯಿಂದ ರಜೆಗೆ ಬಂದಿದ್ದ ಮಾವ ತಂದುಕೊಟ್ಟ ಸೆಗಾ ಮೆಗಾ ಡ್ರೈವ್ 2 ಎಂಬ ವಿಡಿಯೋ ಗೇಮ್ ಯಂತ್ರ ಉಡುಪಿಯ ನಮ್ಮ ಮನೆಯಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ. ಆದರೆ ಅದನ್ನು 43 ಇಂಚಿನ ಹೊಸ ಟಿವಿಗೆ ಹಳದಿ ಪಿನ್ನಿನ ವೈರಿನಲ್ಲಿ ಸೇರಿಸಿದ ದಿನ ನನಗೆ ನಿಜಕ್ಕೂ ದುಃಖವಾಯಿತು. ಕೆಂಪು ಬಣ್ಣ ಪಕ್ಕದ ಬಣ್ಣಕ್ಕೆ ಸೋರುತ್ತಿತ್ತು, ಅಕ್ಷರಗಳ ಅಂಚು ನಡುಗುತ್ತಿತ್ತು, ಗುಂಡಿ ಒತ್ತಿ ಒಂದು ಕ್ಷಣ ಕಳೆದ ಮೇಲೆ ಆಟದ ನಾಯಕ ಸೋನಿಕ್ ಜಿಗಿಯುತ್ತಿತ್ತು. ಅಗ್ಗದ ಪರಿವರ್ತಕ ಡಬ್ಬಿಯೊಂದನ್ನು ತಂದು ನೋಡಿದೆ. ಅದರಿಂದ ತಡ ಇನ್ನಷ್ಟು ಹೆಚ್ಚಾಯಿತೇ ಹೊರತು ಚಿತ್ರ ತಿಳಿಯಾಗಲಿಲ್ಲ. ಕೊನೆಗೆ ತರಿಸಿದ್ದು ಓಎಸ್‌ಎಸ್‌ಸಿ (ಓಪನ್ ಸೋರ್ಸ್ ಸ್ಕ್ಯಾನ್ ಕನ್ವರ್ಟರ್), ಅಂದರೆ ಹಳೆಯ ಗೇಮಿನ ಚಿತ್ರವನ್ನು ಹೊಸ ಟಿವಿಗೆ ಹೊಂದಿಸಿ ಕಳುಹಿಸುವ ಉಪಕರಣ.

ಹಳೆಯ ವಿಡಿಯೋ ಗೇಮುಗಳು ಪ್ರತಿ ಸಲವೂ ಒಂದೇ ಸಾಲುಗಳ ಮೇಲೆ ಇಡೀ ಚಿತ್ರವನ್ನು ಬರೆಯುತ್ತವೆ. ಹೊಸ ಟಿವಿಗಳಲ್ಲಿ ಹೆಚ್ಚಿನವು ಅದನ್ನು ಸಮ ಸಾಲು, ಬೆಸ ಸಾಲು ಎಂದು ಎರಡು ಕಂತಿನಲ್ಲಿ ಬರುವ ಚಿತ್ರವೆಂದು ತಪ್ಪಾಗಿ ತಿಳಿದು, ಇಲ್ಲದ ಕಂತುಗಳನ್ನು ಹೆಣೆಯಲು ಹೋಗುತ್ತವೆ. ನಡುಕವೂ ತಡವೂ ಬಹುಮಟ್ಟಿಗೆ ಅಲ್ಲಿಂದಲೇ ಬರುತ್ತವೆ. ಮಾರ್ಕುಸ್ ಹಿಯೆಂಕಾರಿ ವಿನ್ಯಾಸಗೊಳಿಸಿದ, ಮುಕ್ತ ತಂತ್ರಾಂಶದ ಓಎಸ್‌ಎಸ್‌ಸಿ ಈ ಗೊಂದಲಕ್ಕೆ ಎಡೆಯನ್ನೇ ಕೊಡುವುದಿಲ್ಲ. ಬಂದ ಪ್ರತಿ ಸಾಲನ್ನೂ ಎರಡರಿಂದ ಐದು ಪಟ್ಟು ಬರೆದು ಎಚ್‌ಡಿಎಂಐ ಮೂಲಕ ಟಿವಿಗೆ ಕಳುಹಿಸುತ್ತದೆ. ಇಡೀ ಚಿತ್ರವನ್ನು ನೆನಪಿನಲ್ಲಿ ಕೂಡಿಟ್ಟುಕೊಳ್ಳದ ಕಾರಣ ಅದರ ಪಾಲಿನ ತಡ ಕೆಲವೇ ಸಾಲುಗಳಷ್ಟು. ಅಂದಿನಿಂದ ಗುಂಡಿಗೂ ಜಿಗಿತಕ್ಕೂ ನಡುವೆ ನನ್ನ ಬೆರಳಿಗೆ ಅಂತರ ತಿಳಿದಿಲ್ಲ.

ಸುಂಕ ಮತ್ತು ಸ್ಕಾರ್ಟ್ ವೈರು ಸೇರಿ ನನಗೆ ಸುಮಾರು 18,000 ರೂಪಾಯಿ ತಗುಲಿತು. ವರ್ಷಕ್ಕೊಮ್ಮೆ ಮಾತ್ರ ಹವ್ಯಾಸಕ್ಕೆಂದು ಹಣ ತೆಗೆದಿಡುವ ನನಗೆ ಇದು ಸಣ್ಣ ಮೊತ್ತವಲ್ಲ. ಯುರೋಪಿನ ಟಿವಿಗಳಲ್ಲಿದ್ದ 21 ಪಿನ್ನಿನ ಆ ಸ್ಕಾರ್ಟ್ ಪ್ಲಗ್ಗನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಮೆಗಾ ಡ್ರೈವ್ ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆಯಾಗಿ ಹೊರಗೆ ಕೊಡಬಲ್ಲದು ಎಂಬುದೂ ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ; ಇಷ್ಟು ವರ್ಷ ಆ ಮೂರನ್ನೂ ಒಂದೇ ಹಳದಿ ವೈರಿನಲ್ಲಿ ಕಲಸಿ ನೋಡುತ್ತಿದ್ದೆವು.

ಭಾನುವಾರ ಊಟವಾದ ಮೇಲೆ ನಾನೂ ಮಗಳೂ ಆಡಲು ಕೂರುತ್ತೇವೆ. ಕರಾವಳಿಯ ತೇವಕ್ಕೆ ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳು ಬೇಗ ಮಂಕಾಗುವುದರಿಂದ ಮೊದಲು ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದನ್ನೂ ಒರೆಸುತ್ತೇನೆ. ಮಳೆಗಾಲದಲ್ಲಿ ಎರಡು ಸಲ. ಊದಬಾರದೆಂದು ಮಗಳಿಗೆ ಹೇಳಿಕೊಟ್ಟಿದ್ದೇನೆ, ಏಕೆಂದರೆ ಉಸಿರಿನ ತೇವವೇ ತುಕ್ಕಿಗೆ ದಾರಿ. ಅನಂತರ ಸ್ಟೆಬಿಲೈಸರ್, ಗೇಮು, ಕೊನೆಗೆ ಓಎಸ್‌ಎಸ್‌ಸಿ. ಅದರ ಎರಡು ಸಾಲಿನ ಪುಟ್ಟ ಪರದೆಯ ಮೇಲೆ 49.70 ಹರ್ಟ್ಸ್ ಎಂದು ಮೂಡುವುದನ್ನು ಓದಿ ಹೇಳುವುದು ಮಗಳ ಕೆಲಸ. ನಮ್ಮದು ಸೆಕೆಂಡಿಗೆ ಸುಮಾರು 50 ಸಲ ಚಿತ್ರ ಬರೆಯುವ ಪಾಲ್ ಪದ್ಧತಿಯ ಯಂತ್ರವಾದ್ದರಿಂದ ಆಟ ಜಪಾನ್, ಅಮೆರಿಕಗಳಲ್ಲಿ ಓಡುವುದಕ್ಕಿಂತ ಸುಮಾರು 17 ಪ್ರತಿಶತ ನಿಧಾನ. ಅದನ್ನು ಓಎಸ್‌ಎಸ್‌ಸಿ ಸರಿಪಡಿಸುವುದಿಲ್ಲ, ಸರಿಪಡಿಸಬೇಕೆಂದು ನಾನು ಬಯಸುವುದೂ ಇಲ್ಲ, ಏಕೆಂದರೆ ನನ್ನ ಕೈ ಪಳಗಿದ್ದು ಆ ವೇಗಕ್ಕೇ. ಐದು ಪಟ್ಟಿನ ಚಿತ್ರವನ್ನು ನಮ್ಮ ಟಿವಿ ಒಪ್ಪಲಿಲ್ಲ. ಮೂರು ಪಟ್ಟಿನಲ್ಲಿ ನೆಮ್ಮದಿಯಿಂದ ಇದ್ದೇವೆ.

ಮೊದಲ ತಿಂಗಳು ಅಂಕಿ, ಅಕ್ಷರ, ಹೂವಿನ ಎಸಳು ಎಲ್ಲವನ್ನೂ ಹೊಸದಾಗಿ ಕಂಡ ಸಂತೋಷದಲ್ಲಿ ಕಳೆಯಿತು. ಆಮೇಲೆ ಒಂದು ಭಾನುವಾರ, 1991ರ ಮೊದಲ ಸೋನಿಕ್ ಆಟದ ಗ್ರೀನ್ ಹಿಲ್ ಎಂಬ ಹಂತದಲ್ಲಿ, ಮಗಳು ಜಲಪಾತವನ್ನು ತೋರಿಸಿ “ಅಪ್ಪ, ಇಲ್ಲಿ ಯಾಕೆ ಕಂಬಿ ಹಾಕಿದ್ದಾರೆ?” ಎಂದು ಕೇಳಿದಳು.

ನೋಡಿದರೆ ಕಂಬಿಗಳೇ. ಒಂದು ಗೆರೆ ನೀರು, ಒಂದು ಗೆರೆ ಖಾಲಿ, ಮತ್ತೆ ಒಂದು ಗೆರೆ ನೀರು. ಒಂದು ಬಣ್ಣದ ಮೂಲಕ ಹಿಂದಿನ ಬಣ್ಣ ಕಾಣುವಂತೆ ಬೆರೆಸುವ ಸಾಮರ್ಥ್ಯ ಮೆಗಾ ಡ್ರೈವಿಗೆ ಇರಲಿಲ್ಲ. ಹಾಗಾಗಿ ಚಿತ್ರಕಾರರು ನೀರನ್ನು ಉದ್ದುದ್ದ ಪಟ್ಟೆಗಳಾಗಿ ಬರೆದು, ಬೆರೆಸುವ ಕೆಲಸವನ್ನು ಹಳದಿ ವೈರಿನ ಮಬ್ಬಿಗೂ ಪಿಕ್ಚರ್ ಟ್ಯೂಬಿಗೂ ಬಿಟ್ಟಿದ್ದರು. ನಾನು ಬಾಲ್ಯದಲ್ಲಿ ಕಂಡ, ಹಿಂದಿನ ಬಂಡೆ ತೆಳುವಾಗಿ ತೋರುತ್ತಿದ್ದ ಆ ನೀರು ಕ್ಯಾಸೆಟ್ಟಿನಲ್ಲಿ ಎಂದೂ ಇರಲೇ ಇಲ್ಲ. ಅದು ವೈರಿಗೂ ಗಾಜಿಗೂ ನಡುವೆ ಹುಟ್ಟುತ್ತಿತ್ತು. 18,000 ಕೊಟ್ಟು ನಾನು ತೊಡೆದುಹಾಕಿದ್ದು ಅದನ್ನೇ.

ಆ ವಾರವೆಲ್ಲ ಮೆನುಗಳಲ್ಲಿ ಹುಡುಕಾಡಿದೆ. 9 ಮೆಗಾಹರ್ಟ್ಸಿಗಿಂತ ಮೇಲಿನದನ್ನು ತಡೆದು ಚಿತ್ರವನ್ನು ಮೃದುಗೊಳಿಸುವ ಶೋಧಕವಿದೆ. ಆದರೆ ಈ ಪಟ್ಟೆಗಳು ಸುಮಾರು 3.3 ಮೆಗಾಹರ್ಟ್ಸಿನಲ್ಲಿ ಬರುವುದರಿಂದ ಅದರ ಮೂಲಕ ಹಾಗೆಯೇ ದಾಟಿಹೋಗುತ್ತವೆ. ಸಾಲುಗಳ ನಡುವೆ ಕಪ್ಪು ಗೆರೆ ಎಳೆಯುವ ಸ್ಕ್ಯಾನ್‌ಲೈನ್ ಸೌಲಭ್ಯ ಹಳೆಯ ಟಿವಿಯ ಕಳೆಯನ್ನು ಕೊಡುತ್ತದೆ, ಆದರೆ ಅದು ಅಡ್ಡಗೆರೆ. ಉದ್ದಗೆರೆಗೆ ಅದರಿಂದ ಏನೂ ಆಗದು. ಇದನ್ನು ಓಎಸ್‌ಎಸ್‌ಸಿಯ ದೋಷವೆಂದು ನಾನು ಹೇಳಲಾರೆ. ಕ್ಯಾಸೆಟ್ಟಿನಲ್ಲಿ ಏನಿದೆಯೋ ಅದನ್ನು ಅದು ಪ್ರಾಮಾಣಿಕವಾಗಿ ತೋರಿಸುತ್ತಿದೆ.

ಕೋಪ ಇಳಿಯಲು ಕೆಲವು ತಿಂಗಳು ಬೇಕಾದವು. ಪಟ್ಟೆಗಳನ್ನು ನೆಚ್ಚಿಕೊಳ್ಳದ ಆಟಗಳಲ್ಲಿ, ಮುಖ್ಯವಾಗಿ ಓದಬೇಕಾದ ಅಕ್ಷರಗಳು ತುಂಬಿರುವ ಆಟಗಳಲ್ಲಿ, ಈ ಉಪಕರಣಕ್ಕೆ ನಾನು ಪೂರ್ಣ ಮನಸ್ಸಿನಿಂದ ಐದಕ್ಕೆ ಐದು ಕೊಡುತ್ತೇನೆ. ಸೋನಿಕ್ಕಿಗಾಗಿ ಮಾತ್ರ ರಿಪೇರಿ ಅಂಗಡಿಯೊಂದರಿಂದ 800 ರೂಪಾಯಿಗೆ 14 ಇಂಚಿನ ಟ್ಯೂಬ್ ಟಿವಿ ತಂದು, ಹಳದಿ ವೈರನ್ನು ಅದಕ್ಕೆ ಕೊಟ್ಟಿದ್ದೇನೆ. ಓಎಸ್‌ಎಸ್‌ಸಿ ಕೊಳ್ಳಬೇಕೆಂದಿರುವವರ ಮನೆಯಲ್ಲಿ ಹಳೆಯ ಟಿವಿ ಇನ್ನೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನಮ್ಮ 21 ಇಂಚಿನದನ್ನು ನಾನು ಹೊಸ ಟಿವಿ ಬಂದ ದಿನವೇ ಕಳುಹಿಸಿಬಿಟ್ಟಿದ್ದೆ.