ಜಗಲಿಗೆ ಬಂದ ಫ್ರಾನ್ಸಿನ ಯಮ: ಒಂದು ಪ್ರಿಂಟ್, ಒಂದು ಕಟ್ಟು

ಚಿತ್ರಕ್ಕೆ ಐದಕ್ಕೆ ಐದು. ಪ್ರಿಂಟಿಗೆ ಮೂರು. ಆನ್‌ಲೈನಿನಲ್ಲಿ ಮಾರಿದವರು ಬರೆದುಕೊಂಡ ವಿವರಣೆಗೆ ಒಂದು, ಅದೂ ಜಾಸ್ತಿಯೇ. ಶಿರಸಿಯಲ್ಲಿ ಕಟ್ಟು (ಫ್ರೇಮ್) ಹಾಕಿಕೊಟ್ಟವರಿಗೆ ನಾಲ್ಕೂವರೆ.

ತರಿಸಿದ್ದು 'ಸಾವು ಮತ್ತು ಕಟ್ಟಿಗೆಯವನು'. ಮೂಲ ಪೇಂಟಿಂಗ್ ಫ್ರಾನ್ಸಿನ ಜ್ಯಾಂ ಫ್ರಾನ್ಸ್ವಾ ಮಿಲೆಯದು. ರೈತರ ಮನೆಯಲ್ಲೇ ಹುಟ್ಟಿದವನು. 1859ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನಕ್ಕೆ ಕಳಿಸಿದರೆ ಬೇಡ ಎಂದು ವಾಪಸ್ ಮಾಡಿದರು. ಈಗ ಅದು ಕೋಪನ್‌ಹೇಗನ್ನಿನ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ನೋಡಿ ಎಚ್ಚಿಂಗ್, ಅಂದರೆ ತಗಡಿನಲ್ಲಿ ಗೆರೆ ಗೀರಿ ಒತ್ತುವ ಚಿತ್ರ, ಮಾಡಿದವನು ಎಡ್ಮಂಡ್ ಎದ್ವಾಂ. ನನಗೆ ಬಂದದ್ದು ಆ ಎಚ್ಚಿಂಗಿನ ಪ್ರಿಂಟ್. ಮಾರುವವರ ಪುಟದಲ್ಲಿ ಮಿಲೆಯ ಹೆಸರು ಮಾತ್ರ ಇದೆ. ಗೆರೆ ಗೆರೆಯಾಗಿ ಕೂತು ಗೀರಿದವನ ಹೆಸರೇ ಇಲ್ಲ!

ಇನ್ನೊಂದು ತಕರಾರು. 'ಎಚ್ಚಿಂಗ್' ಎಂದು ದಪ್ಪಕ್ಷರ, 'ಡಿಜಿಟಲ್ ಪ್ರಿಂಟ್' ಎಂದು ಸಣ್ಣಕ್ಷರ. ನಿಜವಾದ ಎಚ್ಚಿಂಗಿನಲ್ಲಿ ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಸಿಡ್ಡಿಗೆ ಹಾಕುತ್ತಾರೆ. ಗೀರಿದ ಕಡೆ ಮಾತ್ರ ಆಸಿಡ್ ತಿನ್ನುತ್ತದೆ. ಆ ಗೆರೆಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದವಿಟ್ಟು ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಮಸಿ ಕಾಗದದ ಮೇಲೆ ಸ್ವಲ್ಪ ಎದ್ದು ನಿಲ್ಲುತ್ತದೆ, ಸುತ್ತ ತಗಡಿನ ಅಂಚು ಒತ್ತಿದ ಗುರುತು ಉಳಿಯುತ್ತದೆ. ನನಗೆ ಬಂದದ್ದು ಸಪಾಟು. ಒತ್ತೊತ್ತಾದ ಗೆರೆಗಳೆಲ್ಲ ಕೂಡಿ ಕಾಡಿಗೆ ಬಳಿದ ಹಾಗೆ ಕಪ್ಪಾಗಿವೆ. ಕಾಗದ ಮಾತ್ರ ದಪ್ಪ, ಒಳ್ಳೆಯದು.

ಇಷ್ಟೆಲ್ಲ ಇದ್ದರೂ ಚಿತ್ರ ಬಿಡುವುದಿಲ್ಲ. ಬಿಳಿ ಬಟ್ಟೆ ಹೊದ್ದ ಸಾವು ನಮಗೆ ಬೆನ್ನು ಹಾಕಿ ನಿಂತಿದೆ. ಉದ್ದ ಹಿಡಿಕೆಯ ಕುಡುಗೋಲು, ಎತ್ತಿದ ಕೈಯಲ್ಲಿ ಮರಳು ಗಡಿಯಾರ. ಇನ್ನೊಂದು ಕೈ ಮುದುಕನ ಕುತ್ತಿಗೆಗೆ. ಅವನೋ, ಹೊರೆಯನ್ನೇ ಅವುಚಿಕೊಂಡಿದ್ದಾನೆ. ನಮ್ಮ ಅತ್ತೆಯವರು ನೋಡಿದ್ದೇ, "ಇದೆಂತದೆ, ಯಮನ ಫೋಟೋನ ಜಗಲಿಗೆ ಹಾಕ್ತ್ಯಾ?" ಎಂದರು.

ಅವರಿಗೆ ಕಥೆ ಹೇಳಿದೆ. ಈಸೋಪನ ಕಾಲದ್ದು, ಲಾ ಫೊಂತೇನ್ ಫ್ರೆಂಚಿನಲ್ಲಿ ಪದ್ಯ ಮಾಡಿದ್ದು. ಸುಸ್ತಾದ ಮುದುಕ ಹೊರೆ ಕೆಳಗಿಟ್ಟು 'ಸಾವೇ ಬಾ' ಅನ್ನುತ್ತಾನೆ. ಅದು ಬಂದೇಬಿಡುತ್ತದೆ. ಏನು ಬೇಕು ಎಂದರೆ, 'ಏನಿಲ್ಲ, ಈ ಹೊರೆ ಸ್ವಲ್ಪ ಎತ್ತಿಕೊಡು' ಅನ್ನುತ್ತಾನೆ. ಅತ್ತೆ ನಕ್ಕೇ ನಕ್ಕರು. ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಹೊರುವುದು ಹೇಗೋ ಆಗುತ್ತದೆ. ನೆಲದಿಂದ ತಲೆಗೇರಿಸಲು ಇನ್ನೊಬ್ಬರು ಬೇಕೇ ಬೇಕು. ಒಬ್ಬರೇ ಹೋದ ದಿನ ದಾರಿಯಲ್ಲಿ ಯಾರಾದರೂ ಬರಲಿ ಎಂದು ಕಾಯುವುದೇ ದೊಡ್ಡ ಕೆಲಸ. ಮಿಲೆ ಆ ನಗುವನ್ನು ತೆಗೆದುಬಿಟ್ಟಿದ್ದಾನೆ. ಅವನ ಸಾವು ಮಾತು ಕೇಳಲು ಬಂದದ್ದಲ್ಲ. ನನಗೆ ಕಥೆಯ ಮುದುಕನೇ ಇಷ್ಟ, ಆದರೆ ನೋಡುತ್ತ ನಿಂತರೆ ಮಿಲೆಯ ಮುದುಕ ಹೆಚ್ಚು ನಿಜ ಅನ್ನಿಸುತ್ತಾನೆ.

ಕಟ್ಟಿನ ವಿಷಯ. ಪೇಟೆಯ ಆ ಅಂಗಡಿಯಲ್ಲಿ ಮುಕ್ಕಾಲು ಪಾಲು ದೇವರ ಫೋಟೋಗಳೇ. ಆದರೂ ಕೆಲಸ ಗೊತ್ತು. ಗಾಜು ಕಾಗದಕ್ಕೆ ತಾಗಬಾರದು ಎಂದು ಅವರೇ ಹೇಳಿ ನಡುವೆ ಮೌಂಟ್ ಬೋರ್ಡ್ (ಸುತ್ತ ಅಂಚಿಗೆ ಇಡುವ ದಪ್ಪ ರಟ್ಟು) ಕೊಟ್ಟರು. ತಾಗಿದರೆ ನಮ್ಮ ಮಳೆಗಾಲದಲ್ಲಿ ಪ್ರಿಂಟ್ ಗಾಜಿಗೆ ಅಂಟುತ್ತದೆ, ಬೂಸಲು ಹಿಡಿಯುತ್ತದೆ. ಹಿಂದುಗಡೆ ಅಂಚಿಗೆ ಟೇಪ್, ಗೋಡೆಯ ಥಂಡಿ ತಾಗದಂತೆ ಮೂಲೆಗಳಿಗೆ ಸಣ್ಣ ಬಿರಡೆ ತುಂಡು. ಅರ್ಧ ಅಂಕ ಕಳೆದದ್ದು ಹೇಳಿದ ದಿನ ಕೊಡಲಿಲ್ಲ ಎಂದು.

ತರಿಸುವುದಾದರೆ ಎ3 ಅಳತೆಗಿಂತ ಚಿಕ್ಕದು ಬೇಡ, ಮರಳು ಗಡಿಯಾರ ಗೊತ್ತೇ ಆಗುವುದಿಲ್ಲ. ಚೌಕಟ್ಟು ಸಹಿತ ಕಳಿಸುತ್ತೇವೆ ಎಂದರೂ ಒಪ್ಪಬೇಡಿ. ಸುಮ್ನೆ ಕಾಗದ ತರಿಸಿ, ಕಟ್ಟು ಇಲ್ಲೇ ಹಾಕಿಸಿ.