ಮೂರು ವರ್ಷ ಬಳಸಿದ ಡ್ರಾಯಿಂಗ್ ಟ್ಯಾಬ್ಲೆಟ್: ಕೆಟ್ಟಿದ್ದು ಪೆನ್ನಲ್ಲ

ದಾವಣಗೆರೆಯಲ್ಲಿ ಲಗ್ನಪತ್ರಿಕೆಗಳಿಗೆ, ಜಾತ್ರೆಯ ಫ್ಲೆಕ್ಸ್‌ಗಳಿಗೆ ಚಿತ್ರ ಬರೆದುಕೊಡುವುದು ನನ್ನ ಕಸುಬು. ಕಂಪ್ಯೂಟರಿಗೆ ಸಿಕ್ಕಿಸಿ ಪೆನ್ನಿನಿಂದ ಚಿತ್ರ ಬರೆಯುವ, ಪರದೆಯಿಲ್ಲದ, 10 ಇಂಚಿನ ಹಲಗೆಯಂಥ ಈ ಟ್ಯಾಬ್ಲೆಟ್ ಕೊಂಡು ಮೂರು ವರ್ಷ ದಾಟಿದೆ. ಪೆನ್ನಿಗೆ ಬ್ಯಾಟರಿ ಬೇಡ, ಹಲಗೆಯೊಳಗಿನ ಕಾಂತಕ್ಷೇತ್ರವೇ ಅದಕ್ಕೆ ಶಕ್ತಿ ಕೊಡುತ್ತದೆ. ಪೆನ್ನು ಅದುಮಿದಷ್ಟು ಗೆರೆ ದಪ್ಪವಾಗುತ್ತದೆ, ಆ ಒತ್ತಡದ ಮಟ್ಟಗಳು 8192.

ದುಗ್ಗಮ್ಮನ ಜಾತ್ರೆಗೆ ವಾರವಿರುವಾಗ ಆ ಒತ್ತಡವೇ ಮಾಯವಾಯಿತು. ದೇವಿಯ ಹುಬ್ಬು ತೆಳುವಾಗಿ ಹುಟ್ಟಿ, ನಡುವೆ ತುಂಬಿಕೊಂಡು, ಕಿವಿಯ ಕಡೆಗೆ ಸಣ್ಣಗೆ ಕರಗಬೇಕು. ಅಂದು ಎಷ್ಟು ಅದುಮಿದರೂ ಹುರಿಹಗ್ಗ ಅಂಟಿಸಿದಂತೆ ಒಂದೇ ದಪ್ಪದ ಗೆರೆ. ಅಂಗಡಿಯಲ್ಲಿ ಕೇಳಿದರೆ, "ಪೆನ್ನು ಹೋಗಿದೆ ಸರ್, ಹೊಸದು ಹಾಕಿಸಿಕೊಳ್ಳಿ" ಎಂದರು. ಪರೀಕ್ಷಿಸದೆ ಹಾಗೆ ಹೇಳಿದ್ದು ನನಗೆ ಇಂದಿಗೂ ಬೇಸರ.

ಮನೆಗೆ ಬಂದು ಡ್ರೈವರ್, ಅಂದರೆ ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶ, ತೆರೆದೆ. ಅದರಲ್ಲಿ ಒತ್ತಡ ನೋಡುವ ಜಾಗವಿದೆ. ಅಲ್ಲಿ ಪೆನ್ನು ಒತ್ತಿದರೆ ಪಟ್ಟಿ ಏರುತ್ತಿತ್ತು, ಸಡಿಲಿಸಿದರೆ ಇಳಿಯುತ್ತಿತ್ತು. ಅಂದರೆ ಪೆನ್ನೂ ಹಲಗೆಯೂ ಸರಿಯಿವೆ, ತೊಡಕು ಕಂಪ್ಯೂಟರಿನೊಳಗೆ. ಹಿಂದೆ ಗೆಳೆಯನಿಂದ ತಂದು ನೋಡಿದ್ದ ಬೇರೆ ಕಂಪನಿಯ ಟ್ಯಾಬ್ಲೆಟ್ಟಿನ ಡ್ರೈವರ್ ಇನ್ನೂ ಅಲ್ಲೇ ಕುಳಿತಿತ್ತು. ಇಂಥ ಡ್ರೈವರ್‌ಗಳು ವಿಂಟ್ಯಾಬ್ ಎಂಬ ಒಂದೇ ಹೆಸರಿನ ಫೈಲ್ ಇಡುತ್ತವೆ, ಎರಡು ಕೂಡಿದರೆ ಜಗಳ. ಎರಡನ್ನೂ ಅಳಿಸಿ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿ, ಇದರದ್ದನ್ನು ಮಾತ್ರ ಹೊಸದಾಗಿ ಹಾಕಿದೆ. ಪೆನ್ನಿನ ಒತ್ತಡ ಚಿತ್ರದ ತಂತ್ರಾಂಶಕ್ಕೆ ತಲುಪಲು ವಿಂಡೋಸ್ ಇಂಕ್, ವಿಂಟ್ಯಾಬ್ ಎಂಬ ಎರಡು ದಾರಿಗಳಿವೆ. ನಾನು ಚಿತ್ರ ಬರೆಯುವ ಕ್ರಿಟಾ ತಂತ್ರಾಂಶದ ಟ್ಯಾಬ್ಲೆಟ್ ಸೆಟ್ಟಿಂಗ್‌ನಲ್ಲಿ ವಿಂಡೋಸ್ ಇಂಕ್ ಬದಲು ವಿಂಟ್ಯಾಬ್ ಆಯ್ದುಕೊಂಡೆ. ಹುಬ್ಬು ಮೊದಲಿನಂತೆ ಬಂತು. ಆ ರಾತ್ರಿಯೇ ಕಣ್ಣುಗಳನ್ನೂ ಮುಗಿಸಿದೆ. ಫೋಟೋಶಾಪ್ ಬಳಸುವವರಿಗೆ ಮಾತ್ರ ಸಾಮಾನ್ಯವಾಗಿ ವಿಂಡೋಸ್ ಇಂಕ್ ಚಾಲೂ ಇರಬೇಕು.

ಇನ್ನೊಮ್ಮೆ ಬಾಣದ ಗುರುತು ಅಲ್ಲಲ್ಲೇ ನಿಂತುಬಿಡುತ್ತಿತ್ತು. ಕೇಬಲ್ ಬುಡದಲ್ಲಿ ಸಡಿಲವಾಗಿತ್ತು. ಮೊಬೈಲ್ ಚಾರ್ಜರಿನ ಕೇಬಲ್ ಚುಚ್ಚಿದರೆ ಟ್ಯಾಬ್ಲೆಟ್ ಪತ್ತೆಯೇ ಆಗಲಿಲ್ಲ. ಅದು ಚಾರ್ಜ್ ಮಾಡಲಷ್ಟೇ ಇದ್ದ ಕೇಬಲ್, ಡೇಟಾ ಸಾಗಿಸುವುದಿಲ್ಲ. ಡೇಟಾ ಕೇಬಲ್ ತಂದು, ಒಂದು ಯುಎಸ್‌ಬಿ ಕಿಂಡಿಯನ್ನು ಹಲವಾಗಿಸುವ ಹಬ್ ಬಿಟ್ಟು ನೇರವಾಗಿ ಸಿಪಿಯು ಹಿಂಬದಿಗೆ ಸಿಕ್ಕಿಸಿದ ಮೇಲೆ ಆ ಕಾಟ ತಪ್ಪಿತು.

ವೃತ್ತ ಬರೆದರೆ ಮೊಟ್ಟೆಯಾಗುತ್ತಿದ್ದರೆ ಡ್ರೈವರಿನಲ್ಲಿ ಹಲಗೆಯನ್ನು ಪರದೆಯ ಉದ್ದಗಲದ ಅನುಪಾತಕ್ಕೆ ಹೊಂದಿಸಿಕೊಳ್ಳಿ, ರಂಗೋಲಿಯ ವಿನ್ಯಾಸಕ್ಕೆ ಇದು ತೀರಾ ಮುಖ್ಯ.

ನನ್ನ ನಿಜವಾದ ದೂರು ಒಂದೇ. ಡ್ರೈವರ್ ಅಪ್‌ಡೇಟ್ ಆದಾಗಲೆಲ್ಲ ಟ್ಯಾಬ್ಲೆಟ್ಟಿನ ಗುಂಡಿಗಳಿಗೆ ನಾನು ಕೊಟ್ಟ ಕೆಲಸಗಳು ಅಳಿಸಿಹೋಗುತ್ತವೆ. ಈಗ ಅಪ್‌ಡೇಟಿಗೆ ಮೊದಲು ಸೆಟ್ಟಿಂಗ್‌ಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುತ್ತೇನೆ. ಪೆನ್ನಿನ ಮೊನೆ ಓರೆಯಾಗಿ ಸವೆದರೆ ಹಲಗೆಗೆ ಗೀರು ಬೀಳುತ್ತದೆ. ನನ್ನ ಹಲಗೆಯ ಎಡಮೂಲೆಯಲ್ಲಿ ಅಂಥ ಎರಡು ಗೀರುಗಳಿವೆ, ಬೆರಳಾಡಿಸಿದರೆ ತಿಳಿಯುತ್ತವೆ.